ನ್ಯಾಯಮೂರ್ತಿಗಳ ನೇಮಕ ಮತ್ತು ವರ್ತಕರ ಹಿತ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವಹಿವಾಟಿಗೆ ತಂಬಾಕು ಮುಖ್ಯ ಆಧಾರ. ಈ ತಂಬಾಕಿನ ಮೇಲೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ಶುಲ್ಕ ವಿಧಿಸಬಹುದೇ? 1975ರ ಕೇಂದ್ರ ತಂಬಾಕು ಮಂಡಳಿ ಕಾಯ್ದೆ ಇರುವಾಗ ವಿಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 1985ರಲ್ಲಿ ಹೇಳಿತು. 2002ರಲ್ಲಿ ಐವರ ಸಂವಿಧಾನ ಪೀಠವು ಆ ತೀರ್ಪನ್ನು ತಳ್ಳಿಹಾಕಿ ರಾಜ್ಯಗಳ ಅಧಿಕಾರವನ್ನು ಎತ್ತಿಹಿಡಿಯಿತು. ಪರವಾಗಿದ್ದವರು ಮೂವರು, ಭಿನ್ನಮತ ಇಬ್ಬರದು. ಪೀಠದಲ್ಲಿ ಯಾರಿರುತ್ತಾರೆ ಎಂಬುದು ವರ್ತಕರಿಗೂ ಸಂಬಂಧಿಸಿದ ವಿಷಯವೆಂಬುದು ಇದರಿಂದ ಸ್ಪಷ್ಟ.

ಶುಲ್ಕ, ತೆರಿಗೆಗಳ ವ್ಯಾಜ್ಯದಲ್ಲಿ ವರ್ತಕನ ಎದುರು ಕಕ್ಷಿ ಸಾಮಾನ್ಯವಾಗಿ ಸರ್ಕಾರವೇ. ಆ ಕಕ್ಷಿಯೇ ನ್ಯಾಯಮೂರ್ತಿಯನ್ನೂ ಆರಿಸುವಂತಾದರೆ, ತೀರ್ಪು ಸರಿಯಿದ್ದರೂ ಸೋತವನಿಗೆ ನಂಬಿಕೆ ಹುಟ್ಟದು. ಕಂಪನಿಯ ಲೆಕ್ಕಪರಿಶೋಧಕರನ್ನು ಷೇರುದಾರರ ಸಭೆ ನೇಮಿಸುವುದೂ ಇಂತಹದೇ ಕಾರಣಕ್ಕಾಗಿ.

ಈ ಆತಂಕ ಕೇವಲ ಊಹೆಯಲ್ಲ. ಕಾಸರಗೋಡು ಬಳಿಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ರಿಟ್ ಅರ್ಜಿಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂಬ ತೀರ್ಪು 1973ರ ಏಪ್ರಿಲ್ 24ರಂದು ಹೊರಬಿದ್ದಿತು. ಮರುದಿನವೇ ಕೇಂದ್ರ ಸರ್ಕಾರವು ಸೇವಾಜ್ಯೇಷ್ಠರಾದ ಜೆ.ಎಂ. ಶೇಲತ್, ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ಹಾಗೂ ಎ.ಎನ್. ಗ್ರೋವರ್ ಅವರನ್ನು ಬದಿಗಿಟ್ಟು, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಪ್ರಕಟಿಸಿತು. ಆ ಮೂವರು ಬಹುಮತದ ತೀರ್ಪಿನಲ್ಲಿದ್ದವರು. ರೇ ಅವರು ಭಿನ್ನಮತದವರು. ಮೂವರೂ ರಾಜೀನಾಮೆ ಸಲ್ಲಿಸಿದರು. ಹೆಗ್ಡೆಯವರು 1977ರಲ್ಲಿ ಲೋಕಸಭಾಧ್ಯಕ್ಷರಾದರು.

ಸಂವಿಧಾನದ 124ನೇ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ನೇಮಿಸುವವರು ರಾಷ್ಟ್ರಪತಿಗಳು. ಆದರೆ ಯಾರ ಸಲಹೆಗೆ ಹೆಚ್ಚಿನ ತೂಕ? 1981ರ ತೀರ್ಪು ಕೊನೆಯ ಮಾತನ್ನು ಸರ್ಕಾರಕ್ಕೆ ಬಿಟ್ಟಿತು. 1993ರ ತೀರ್ಪು ಅದನ್ನು ನ್ಯಾಯಾಂಗಕ್ಕೆ ಒಪ್ಪಿಸಿತು. 1998ರಿಂದ ಮುಖ್ಯ ನ್ಯಾಯಮೂರ್ತಿ ಹಾಗೂ ನಾಲ್ವರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರುಗಳನ್ನು ಶಿಫಾರಸು ಮಾಡುತ್ತಿದೆ. ಸರ್ಕಾರವು ಆಕ್ಷೇಪಣೆಯೊಂದಿಗೆ ಹೆಸರನ್ನು ಹಿಂದಿರುಗಿಸಬಹುದು. ಕೊಲಿಜಿಯಂ ಒಮ್ಮತದಿಂದ ಪುನರುಚ್ಚರಿಸಿದಲ್ಲಿ ನೇಮಕ ಮಾಡಬೇಕೆಂಬುದು ನಿಯಮ.

ಕಾನೂನು ಸಚಿವರನ್ನೂ ಒಳಗೊಂಡಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಅಕ್ಟೋಬರ್ 16ರಂದು ರದ್ದುಪಡಿಸಿತು. ಆದಾಗ್ಯೂ ಕೊಲಿಜಿಯಂ ಪದ್ಧತಿಯಲ್ಲಿ ಪಾರದರ್ಶಕತೆ ಹೆಚ್ಚಬೇಕೆಂಬುದನ್ನು ನ್ಯಾಯಾಲಯವೇ ಒಪ್ಪಿಕೊಂಡಿತು. ತಮ್ಮವರನ್ನು ತಾವೇ ಆರಿಸಿಕೊಳ್ಳುವವರು ಕಾರಣ ತಿಳಿಸದಿದ್ದರೆ ಅನುಮಾನಕ್ಕೆ ಎಡೆಯಾಗುತ್ತದೆ. ಸರ್ಕಾರವು ಹೆಸರನ್ನು ಒಪ್ಪದೆ, ಹಿಂದಿರುಗಿಸದೆ ಕಡತದಲ್ಲಿರಿಸಿಕೊಂಡರೂ ನ್ಯಾಯಾಂಗದ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಂದುತ್ತದೆ.

ಖಾಲಿ ಉಳಿದ ಪೀಠದ ಬೆಲೆಯನ್ನು ತೆರುವವರಲ್ಲಿ, ಮೇಲ್ಮನವಿಗಾಗಿ ಠೇವಣಿ ಕಟ್ಟಿ ವರ್ಷಗಟ್ಟಲೆ ಕಾಯುವ ಸಣ್ಣ ಉದ್ಯಮಿಯೂ ಒಬ್ಬ. ಆದುದರಿಂದ ಆಯ್ಕೆಯ ಅಧಿಕಾರ ಯಾರದೆಂಬ ಚರ್ಚೆಯ ಜೊತೆಗೆ, ಆಯ್ಕೆಗೆ ಲಿಖಿತ ಕಾರಣವನ್ನೂ ಕಾಲಮಿತಿಯನ್ನೂ ಕೇಳುವುದು ವಾಣಿಜ್ಯ ಸಂಸ್ಥೆಗಳಿಗೆ ಉಚಿತವಾದ ಕಾರ್ಯ.