ಮಾತು ಮತ್ತು ಸನ್ನೆ

ಗಣಕಯಂತ್ರದೊಡನೆ ನಮ್ಮ ವ್ಯವಹಾರವು ಮಾತಿನಿಂದ ಸನ್ನೆಗೆ ತಿರುಗಿದುದನ್ನು ಕೆಲವರು ಮುನ್ನಡೆಯೆನ್ನುತ್ತಾರೆ, ಕೆಲವರು ಹಿನ್ನಡೆಯೆನ್ನುತ್ತಾರೆ. ನನಗೆ ಎರಡೂ ಅರ್ಧಸತ್ಯವಾಗಿ ತೋರುತ್ತವೆ.

1981ರಲ್ಲಿ ಬಂದ ಎಂಎಸ್-ಡಾಸ್ ವ್ಯವಸ್ಥೆಯಲ್ಲಿ ಕಡತವನ್ನು ನಕಲು ಮಾಡಲು ‘ಕಾಪಿ’, ಅಳಿಸಲು ‘ಡೆಲ್’ ಎಂದು ಇಂಗ್ಲಿಷಿನಲ್ಲೇ ಬೆರಳಚ್ಚು ಮಾಡಬೇಕಾಗಿತ್ತು. ಕಾಗುಣಿತ ತಪ್ಪಿದರೆ ಯಂತ್ರವು ಅಪ್ಪಣೆಯನ್ನು ತಿರಸ್ಕರಿಸುತ್ತಿತ್ತು. ಈ ಬಿಗಿಯನ್ನು ಸಡಿಲಿಸುವ ಉಪಾಯ ಅದಕ್ಕೂ ಹಿಂದಿನದು. 1968ರಲ್ಲಿ ಸಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ‘ಮೌಸ್’ ಹಿಡಿದು ತೋರಿಸಿದ್ದರು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಆಲ್ಟೋ ಅದನ್ನು ಚಿತ್ರಮಯ ತೆರೆಯೊಡನೆ ಕೂಡಿಸಿತು. 1984ರಲ್ಲಿ ಮ್ಯಾಕಿಂಟಾಷ್ ಆ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಕಡತಕ್ಕೆ ಹಾಳೆಯ ಚಿತ್ರ, ಅಳಿಸಲು ಕಸದ ಬುಟ್ಟಿ, ತೋರಿಸಿದರೆ ಸಾಕು.

ಇಂಗ್ಲಿಷ್ ಬಾರದವನಿಗೂ ಬಾಗಿಲು ಅಷ್ಟಿಷ್ಟು ತೆರೆಯಿತು. ಕಸದ ಬುಟ್ಟಿಯನ್ನು ಗುರುತಿಸಲು ಯಾವ ವ್ಯಾಕರಣ ಬೇಕು? ಆದರೆ ಬೆರಳು ಎದುರಿಗಿರುವುದನ್ನಷ್ಟೇ ತೋರಿಸಬಲ್ಲುದು. ಒಂದೇ ಬಗೆಯ ಹೆಸರುಳ್ಳ ನೂರಾರು ಕಡತಗಳನ್ನು ಒಟ್ಟಿಗೆ ಕರೆಯಲು ಅಪ್ಪಣೆಯಲ್ಲಿ ಒಂದು ನಕ್ಷತ್ರಚಿಹ್ನೆ ಸಾಕಾಗಿತ್ತು. ಕಾಣದುದನ್ನು ಹೆಸರಿಸುವ, ‘ಹೀಗಿದ್ದರೆ ಮಾತ್ರ ಹೀಗೆ ಮಾಡು’ ಎಂದು ನಿಬಂಧನೆ ಹಾಕುವ ಶಕ್ತಿ ಮಾತಿಗೇ ಹೆಚ್ಚು. ಆದುದರಿಂದಲೇ ಪರಿಣತರು ಇಂದಿಗೂ ಅಪ್ಪಣೆಯ ಸಾಲನ್ನು ಕೈಬಿಟ್ಟಿಲ್ಲ.

ನಮ್ಮ ವಿದ್ಯಾರ್ಥಿಗಳು ಚಿತ್ರದ ಬಾಗಿಲಿನಿಂದಲೇ ಒಳಗೆ ಬರಲಿ. ಬಂದವರಿಗೆ ಮಾತನ್ನೂ ಕಲಿಸೋಣ. ಬರಿಯ ಸನ್ನೆ ಬಲ್ಲವನು ಯಂತ್ರ ಮುಂದಿಟ್ಟುದನ್ನು ಆರಿಸಿಕೊಳ್ಳುತ್ತಾನೆ. ಮಾತು ಬಲ್ಲವನು ತನಗೆ ಬೇಕಾದುದನ್ನು ಕೇಳುತ್ತಾನೆ.