ಹಳೆಯ ಕಾರಿನ ಮಾಪಕಗಳಿಗೆ ಮನೆಯಂಗಳದಲ್ಲೇ ಮರುಜೀವ

ಹಿಂಗಾರಿನ ಗುಡುಗುಮಳೆ ಮುಗಿದು ಅಂಗಳದಲ್ಲಿ ಅಡಿಕೆ ಹರಡುವ ದಿನಗಳು ಬಂದವೆಂದರೆ ಕಾಸರಗೋಡಿನ ಕೃಷಿಕರ ಮನೆಗಳಲ್ಲಿ ಇನ್ನೊಂದು ಕೆಲಸಕ್ಕೂ ಹದವಾದ ಕಾಲ ಒದಗುತ್ತದೆ. ಶೆಡ್ಡಿನ ಮೂಲೆಯಲ್ಲಿ ಟರ್ಪಾಲು ಹೊದ್ದು ನಿಂತಿರುವ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಜೀಪಿನ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಮಂಜು ಕವಿದಂತಿರುವ ಮಾಪಕಗಳ ಗಾಜು. ಸುದೀರ್ಘ ಮಳೆಗಾಲ, ಅರಬ್ಬೀ ಸಮುದ್ರದ ಉಪ್ಪುಗಾಳಿ ಎರಡೂ ಸೇರಿ ಡಯಲಿಗೆ ಬೂಷ್ಟು ಹಿಡಿಸಿ, ಅಂಚಿನ ರಿಂಗನ್ನು ತುಕ್ಕಿಗೆ ಒಪ್ಪಿಸಿರುತ್ತವೆ. ಎಂಜಿನ್ ಬಿಚ್ಚಿ ಸರಿಪಡಿಸಿದವರೂ, ಹೊಸ ಬಣ್ಣ ಹೊಡೆಸಿದವರೂ ಈ ಪುಟ್ಟ ಮಾಪಕಗಳನ್ನು ಹಾಗೆಯೇ ಬಿಟ್ಟುಬಿಡುವುದುಂಟು. ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಶಾಖಮಾಪಕ ಸುಳ್ಳು ಹೇಳಿದರೆ ಘಾಟಿ ಏರುವಾಗ ಎಂಜಿನ್ ಕುದಿದದ್ದು ಗೊತ್ತಾಗುವ ಹೊತ್ತಿಗೆ ನಷ್ಟ ಸಂಭವಿಸಿರುತ್ತದೆ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಿಂದ 2014ರ ವರೆಗೆ ಅಂಬಾಸಿಡರನ್ನು ತಯಾರಿಸಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಅದರ ಮೂಲ. ತೀರ ಹಳೆಯ ವಾಹನಗಳ ಡಯಲಿನಲ್ಲಿ ಲೆಕ್ಕವಿರುವುದು ಮೈಲಿನಲ್ಲಿ. ದಶಮಾನ ಪದ್ಧತಿಯ ಅಳತೆಗಳಿಗೆ ದೇಶವು ಕಾನೂನು ರೂಪಿಸಿದ್ದು 1956ರಲ್ಲಿ. ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ್ದೂ ಅದೇ ವರ್ಷದ ನವೆಂಬರ್ 1ರಂದು. ಮೈಲಿನ ಡಯಲು ಕಂಡರೆ ಅದನ್ನು ಬದಲಿಸಬೇಕಾಗಿಲ್ಲ. ಒಂದು ಮೈಲೆಂದರೆ 1.609 ಕಿಲೋಮೀಟರ್ ಎಂಬುದು ನೆನಪಿದ್ದರೆ ಸಾಕು.

ಬಿಚ್ಚುವ ಮೊದಲು ಒಳಗೇನಿದೆಯೆಂದು ತಿಳಿದಿರಬೇಕು. ಹತ್ತನೆಯ ತರಗತಿಯ ಮಕ್ಕಳು ಭೌತವಿಜ್ಞಾನದಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಹಳೆಯ ಸ್ಪೀಡೋಮೀಟರಿನ ಜೀವಾಳ. ಗೇರ್‌ಬಾಕ್ಸಿನಿಂದ ಬರುವ ಕೇಬಲು ಮಾಪಕದೊಳಗಿನ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದೆ, ಕೂದಲೆಳೆಯ ಅಂತರದಲ್ಲಿ ಅಲ್ಯೂಮಿನಿಯಮಿನ ಪುಟ್ಟ ಬಟ್ಟಲೊಂದಿದೆ. ಅಲ್ಯೂಮಿನಿಯಮನ್ನು ಅಯಸ್ಕಾಂತ ಆಕರ್ಷಿಸುವುದಿಲ್ಲ, ನಿಜ. ಆದರೆ ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿಯಾಕಾರದ ವಿದ್ಯುತ್ಪ್ರವಾಹವನ್ನು ಹುಟ್ಟಿಸಿ, ಅದನ್ನು ತನ್ನ ಜೊತೆಗೆ ಎಳೆಯುತ್ತದೆ. ಎಳೆತವನ್ನು ತಡೆಯಲು ಗಡಿಯಾರದಲ್ಲಿರುವಂಥ ಸೂಕ್ಷ್ಮ ಸ್ಪ್ರಿಂಗ್ ಇದೆ. ಎರಡೂ ಬಲಗಳು ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಬಹುತೇಕ ಒಂದು ಶತಮಾನ ಕಾಲ ಜಗತ್ತಿನ ಕಾರುಗಳಲ್ಲಿ ನಡೆದುಬಂತು.

ಕೆಲಸಕ್ಕೆ ಕೈಹಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಡ್ಯಾಶ್‌ಬೋರ್ಡಿನ ಹಿಂದಿರುವ ಒಂದೊಂದು ತಂತಿಗೂ ಸಂಖ್ಯೆ ಬರೆದ ಕಾಗದದ ಚೀಟಿ ಅಂಟಿಸಿ ಫೋಟೋ ತೆಗೆದಿಡುವುದು ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ. ದೊಡ್ಡವರಿಗಿಂತ ಅವರೇ ಅದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಮಾಪಕ ಹೊರಬಂದ ಮೇಲೆ ಅಂಚಿನ ರಿಂಗನ್ನು ಪರೀಕ್ಷಿಸಬೇಕು. ಕೆಲವನ್ನು ತುಸು ತಿರುಗಿಸಿದರೆ ಬಿಟ್ಟುಕೊಳ್ಳುತ್ತವೆ. ಮಡಚಿ ಕೂರಿಸಿದ ರಿಂಗಾದರೆ ಮೊಂಡು ಸ್ಕ್ರೂಡ್ರೈವರಿನಿಂದ ಸುತ್ತಲೂ ಸ್ವಲ್ಪಸ್ವಲ್ಪವೇ ಎಬ್ಬಿಸಬೇಕು. ಒಂದೇ ಕಡೆ ಮೀಟಿದರೆ ಗಾಜು ಒಡೆಯುತ್ತದೆ.

ಗಾಜನ್ನು ಸಾಬೂನು ನೀರಿನಲ್ಲಿ ತೊಳೆಯಬಹುದು. ಡಯಲಿಗೆ ಮಾತ್ರ ನೀರೂ ಸ್ಪಿರಿಟೂ ಸೋಕಬಾರದು. ಮುದ್ರಿತ ಅಂಕಿಗಳು ಬೂಷ್ಟಿನ ಜೊತೆಗೇ ಎದ್ದುಬರುತ್ತವೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಚಿತ್ರ ಬರೆಯುವ ಮೆತ್ತನೆಯ ಒಣ ಬ್ರಶ್ಶಿನಿಂದ ಮೆಲ್ಲಗೆ ಸವರಬೇಕು. ಮುಳ್ಳನ್ನು ಎಳೆಯಲೇಬಾರದು. ಅದರ ಬಣ್ಣ ಮಾಸಿದ್ದರೆ ತೆಳುವಾದ ಒಂದೇ ಲೇಪ ಸಾಕು. ಬಣ್ಣ ದಪ್ಪವಾದರೆ ತೂಕ ಹೆಚ್ಚಿ ತೋರಿಕೆಯೇ ತಪ್ಪುತ್ತದೆ. ಡಬ್ಬಿಯ ಒಳಗೋಡೆಗೆ ಬಿಳಿ ಬಣ್ಣ ಬಳಿದರೆ ರಾತ್ರಿ ಅದೇ ಹಳೆಯ ಬಲ್ಬಿನಲ್ಲೂ ಡಯಲು ಬೆಳಗುತ್ತದೆ. ಗಾಜಿನ ಕೆಳಗಿನ ಒಣಗಿದ ರಬ್ಬರನ್ನು ಬದಲಿಸದೆ ಹೋದರೆ ಮುಂದಿನ ಜೂನಿನಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥ.

ಎಷ್ಟೋ ವೇಳೆ ತಪ್ಪು ಮಾಪಕದ್ದಾಗಿರುವುದಿಲ್ಲ. ಸ್ಪೀಡೋಮೀಟರಿನ ಮುಳ್ಳು ನಡುಗುವುದು ಹೆಚ್ಚಾಗಿ ಒಣಗಿದ ಕೇಬಲಿನಿಂದ. ಒಳತಂತಿಯನ್ನು ಎಳೆದು, ಸೀಮೆಎಣ್ಣೆಯಲ್ಲಿ ಒರೆಸಿ, ಗ್ರೀಸನ್ನು ತೆಳುವಾಗಿ ಸವರಬೇಕು. ಮಾಪಕದ ಕಡೆಯ ತುದಿಗೆ ಮಾತ್ರ ಹಚ್ಚಬಾರದು. ಅದು ಒಳಗೇರಿ ಅಯಸ್ಕಾಂತಕ್ಕೂ ಬಟ್ಟಲಿಗೂ ಅಂಟಿದರೆ ಮಾಪಕವೇ ಕೆಡುತ್ತದೆ. ಪೆಟ್ರೋಲ್ ಮಾಪಕ ಸುಮ್ಮನಿದ್ದರೆ ಮೊದಲು ಕಾರಿನ ಬಾಡಿಗೆ ಕೊಟ್ಟಿರುವ ಅರ್ಥ್ ತಂತಿಯ ತುಕ್ಕನ್ನು ಉಜ್ಜಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ದೋಷ ಟ್ಯಾಂಕಿನೊಳಗೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಶಾಖಮಾಪಕಕ್ಕೆ ತಾಮ್ರದ ಸಣ್ಣ ಕೊಳವೆಯಿದ್ದರೆ ಅದನ್ನು ಮಡಚಬಾರದು, ಒಳಗಿನ ದ್ರವ ಸೋರಿದರೆ ಮತ್ತೆ ಕೆಲಸ ಮಾಡದು. ಅದರ ಸತ್ಯಾಸತ್ಯತೆಯನ್ನು ಅಡುಗೆಮನೆಯಲ್ಲೇ ನಿರ್ಧರಿಸಬಹುದು: ಕೊಳವೆಯ ತುದಿಯ ಗುಂಡನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟು ಎರಡನ್ನೂ ಹೋಲಿಸಿದರಾಯಿತು.

ಒಂದು ಎಚ್ಚರಿಕೆ ಅತ್ಯಗತ್ಯ. ಎರಡನೆಯ ಮಹಾಯುದ್ಧ ಕಾಲದ ಸೇನಾ ವಾಹನಗಳ ಕೆಲವು ಡಯಲುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಮ್ ಬಣ್ಣ ಹಚ್ಚುತ್ತಿದ್ದರು. ಹೊಳಪು ಕೆಲವೇ ದಶಕಗಳಲ್ಲಿ ಅಳಿಯುತ್ತದೆ, ವಿಕಿರಣ ಅಳಿಯುವುದಿಲ್ಲ. ರೇಡಿಯಮ್ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರದ ಡಯಲಿಗೆ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ದವಡೆ ಕೊಳೆತು ಸತ್ತರು. ಹಳೆಯ ಸೇನಾ ಜೀಪಿನ ಡಯಲಿನಲ್ಲಿ ಕಂದಿದ ದಪ್ಪ ಬಣ್ಣದ ಅಂಕಿಗಳಿದ್ದರೆ ಗಾಜನ್ನು ತೆರೆಯದಿರುವುದೇ ಲೇಸು.

ಇನ್ನುಳಿದದ್ದು ಓಡೋಮೀಟರಿನ ಅಂಕಿ. ಐದು ಚಕ್ರಗಳ ಮಾಪಕ 99,999ರ ಬಳಿಕ ಸೊನ್ನೆಗೆ ಮರಳುತ್ತದೆ. ಆದ್ದರಿಂದ ಕಡಿಮೆ ಅಂಕಿ ಕಂಡೊಡನೆ ಕಡಿಮೆ ಓಡಿದ ಕಾರೆಂದು ನಂಬುವಂತಿಲ್ಲ. ಮಾಪಕ ತೆರೆದಿರುವಾಗ ಚಕ್ರಗಳನ್ನು ಹಿಂದಕ್ಕೆ ತಿರುಗಿಸುವ ಆಸೆ ಹುಟ್ಟುವುದು ಸಹಜ, ಆದರೆ ಅದು ಮೋಸ. ಮುಂದೆ ಕೊಳ್ಳುವವನಿಗೆ ಮಾತ್ರವಲ್ಲ, ಮನೆಯ ಮದುವೆ, ಆಸ್ಪತ್ರೆ, ಧರ್ಮಸ್ಥಳದ ಪ್ರಯಾಣಗಳೆಲ್ಲ ಸೇರಿಹೋಗಿರುವ ಆ ಸಂಖ್ಯೆಗೂ ಮಾಡುವ ಮೋಸ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿಬರುತ್ತಾರೆ. ಮಕ್ಕಳು ಒಮ್ಮೆ ಡ್ಯಾಶ್‌ಬೋರ್ಡುಗಳತ್ತಲೂ ಕಣ್ಣು ಹಾಯಿಸಬೇಕು. ಮೂಲರೂಪಕ್ಕೆ ಕಾನೂನಿನ ಬೆಲೆಯೂ ಇದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಗಣನೀಯ ಮಾರ್ಪಾಡಿಲ್ಲದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಲು 2021ರ ಜುಲೈಯಲ್ಲಿ ಕೇಂದ್ರದ ನಿಯಮ ಬಂದಿದೆ. ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ ಪರೀಕ್ಷೆ ರಸ್ತೆಯಲ್ಲಿ. ಬೆಳಗ್ಗೆ ವಾಹನಸಂಚಾರ ವಿರಳವಾಗಿರುವಾಗ ಮುಳ್ಳನ್ನು 60 ಕಿಲೋಮೀಟರಿನಲ್ಲಿ ನಿಲ್ಲಿಸಿ ಓಡಿಸಬೇಕು. ಪಕ್ಕದಲ್ಲಿ ಕುಳಿತವರು ಒಂದು ಕಿಲೋಮೀಟರು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡೆಂದು ಎಣಿಸಬೇಕು. 60 ಸೆಕೆಂಡಾದರೆ ಮಾಪಕ ಸರಿಯಾಗಿದೆ. 66 ಸೆಕೆಂಡಾದರೆ ನಿಜವಾದ ವೇಗ ಸುಮಾರು 54.5 ಕಿಲೋಮೀಟರ್. ಲೆಕ್ಕವನ್ನು ಹಿಂದಿನ ಸೀಟಿನ ಮಕ್ಕಳು ಮಾಡಲಿ, ವಾಹನ ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.