ಗೋಡೆಯೊಳಗೆ ನಡೆದು ಬರುವ ಬಿಸಿಲು

ಸಿಂಧನೂರಿನ ಓದುಗರೊಬ್ಬರು ಮೊಬೈಲಿನಲ್ಲಿ ಸಿಕ್ಕ ಮನೆಯ ನಕ್ಷೆಯೊಂದನ್ನು ಕಳಿಸಿದ್ದಾರೆ. 30×40ರ ಸೈಟು, ಪಡುವಣಕ್ಕೆ ರಸ್ತೆ. ‘ಸರ್, ಈ ಪ್ಲ್ಯಾನ್ ನಮ್ಮ ಕಡೆ ನಡೀತದೇನ್ರಿ? ಬ್ಯಾಸಿಗ್ಯಾಗ ಒಳಗ ಮಲಗಾಕ ಆಗ್ತದೇನ್ರಿ?’ ಎಂಬುದು ಅವರ ಪ್ರಶ್ನೆ. ನಕ್ಷೆ ನೋಡಲು ಅಚ್ಚುಕಟ್ಟಾಗಿದೆ: ಹಾಲು, ಅಡುಗೆಮನೆ, ಎರಡು ಬೆಡ್‌ರೂಮು, ನಡುವೆ ಮೂರಡಿ ಅಗಲದ ಓಣಿ. ಆದರೆ ಈ ಮನೆ ಯಾವ ಊರಲ್ಲಿ ನಿಲ್ಲುತ್ತದೆ ಎಂಬುದರ ಸುಳಿವೇ ಅದರಲ್ಲಿಲ್ಲ. ಐದು ನಿಮಿಷದಲ್ಲಿ ಪ್ಲ್ಯಾನ್ ಕೊಡುತ್ತೇವೆ ಎನ್ನುವ ಆ್ಯಪ್‌ಗಳು ಸೈಟಿನ ಅಳತೆ ಕೇಳುತ್ತವೆ, ಬಜೆಟ್ ಕೇಳುತ್ತವೆ. ಅಕ್ಷಾಂಶ ಕೇಳಿದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಸರಿಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 8ರ ಆಸುಪಾಸಿನಲ್ಲಿ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ‘ಬಿಸಿಲು ಬರುವುದು ದಕ್ಷಿಣದಿಂದ’ ಎಂದು ಯುರೋಪಿನ ಪುಸ್ತಕ ನೋಡಿ ಹೇಳುವ ಮಾತು ಇಲ್ಲಿ ವರ್ಷಪೂರ್ತಿ ಸಲ್ಲುವುದಿಲ್ಲ. ಹಾಗಿದ್ದರೂ ದಕ್ಷಿಣ, ಉತ್ತರದ ಗೋಡೆಗಳು ನಮಗೆ ದೊಡ್ಡ ತೊಂದರೆಯಲ್ಲ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಾರ್ಚ್ ಹೊತ್ತಿಗೆ 74 ಡಿಗ್ರಿ. ಆಗ ಕಿಟಕಿಯ ಮೇಲಿನ ಎರಡಡಿ ಸಜ್ಜಾ ಏಳಡಿಯಷ್ಟು ನೆರಳು ಚೆಲ್ಲುತ್ತದೆ. ಎತ್ತರದ ಬಿಸಿಲನ್ನು ತಡೆಯುವುದು ಸುಲಭ.

ಕಷ್ಟ ಕೊಡುವುದು ಪಡುವಣ ಗೋಡೆ. ಮೇ ತಿಂಗಳ ಸಂಜೆ ಐದಕ್ಕೆ ಸೂರ್ಯ ದಿಗಂತದಿಂದ ಬರೀ 23 ಡಿಗ್ರಿ ಮೇಲಿರುತ್ತಾನೆ. ಅದೇ ಎರಡಡಿ ಸಜ್ಜಾ ಆಗ ಕೊಡುವ ನೆರಳು ಒಂದಡಿಗೂ ಕಡಿಮೆ; ಉಳಿದ ಗೋಡೆಯೆಲ್ಲ ಬಿಸಿಲಿಗೆ ಎದೆಯೊಡ್ಡಿ ನಿಂತಿರುತ್ತದೆ. ಆ ಬಿಸಿಲು ಗೋಡೆಯ ಒಳಮೈಗೆ ಯಾವಾಗ ಮುಟ್ಟುತ್ತದೆ ಎಂಬುದರ ಮೇಲೆ ಚಿಕ್ಕ ಮನೆಯ ನಕ್ಷೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಇದರ ಲೆಕ್ಕ ಕೊಟ್ಟವನು ಜೋಸೆಫ್ ಫೂರಿಯೆ. ದರ್ಜಿಯ ಮಗ, 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿ ಬಂದವನು, ಆಮೇಲೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಿಲ್ಲಾಡಳಿತ ನೋಡಿಕೊಂಡವನು. ಆಡಳಿತದ ಕಡತಗಳ ನಡುವೆಯೇ, ಘನವಸ್ತುವಿನೊಳಗೆ ಶಾಖ ಹೇಗೆ ಹರಿಯುತ್ತದೆ ಎಂಬ ಪ್ರಬಂಧ ಬರೆದು 1807ರಲ್ಲಿ ಪ್ಯಾರಿಸ್ಸಿಗೆ ಕಳಿಸಿದ. ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ಪುಸ್ತಕ ಹೊರಬಂದದ್ದು 1822ರಲ್ಲಿ. ಹಗಲು ಕಾದು ರಾತ್ರಿ ಆರುವ ನೆಲದೊಳಕ್ಕೆ ಆ ಏರಿಳಿತ ಅಲೆಯಾಗಿ ಇಳಿಯುತ್ತದೆ, ಇಳಿದಷ್ಟೂ ಸಣ್ಣದಾಗುತ್ತದೆ, ಇಳಿದಷ್ಟೂ ಹಿಂದೆ ಬೀಳುತ್ತದೆ ಎಂಬುದು ಅವನ ಸಮೀಕರಣದಿಂದ ಹೊರಡುವ ಸತ್ಯ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ವಿವರಿಸುವುದೇ ಬೇಕಿಲ್ಲ. ಮುನಿರಾಬಾದಿನಲ್ಲಿ ಗೇಟು ಎತ್ತಿದ ಕೂಡಲೇ ಮಾನ್ವಿ ಕಡೆಯ ಗದ್ದೆಗೆ ನೀರು ಬರುವುದಿಲ್ಲ. 227 ಕಿಲೋಮೀಟರ್ ಉದ್ದದ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಹಾಯ್ದು ಹೋಗಬೇಕು. ದಾರಿಯಲ್ಲಿ ಒಂದೊಂದು ವಿತರಣಾ ಕಾಲುವೆಯೂ ತನ್ನ ಪಾಲು ಕುಡಿದೇ ಮುಂದಕ್ಕೆ ಬಿಡುತ್ತದೆ. ಕೊನೆ ಭಾಗಕ್ಕೆ ನೀರು ತಡವಾಗಿ ಬರುತ್ತದೆ, ಬಂದದ್ದೂ ಸಣಕಲು. ಮೇಲೆ ಗೇಟು ಇಳಿಸಿದ ಸುದ್ದಿ ಬಂದ ಮೇಲೂ ಇಲ್ಲಿ ಒಂದಷ್ಟು ಹೊತ್ತು ನೀರು ಹರಿಯುತ್ತಿರುತ್ತದೆ. ಗೋಡೆಯನ್ನೂ ಹಾಗೆ ಪದರ ಪದರವಾಗಿ ನೋಡಿ. ಹೊರಗಿನ ಪದರ ಮೊದಲು ತಾನು ಕಾಯಬೇಕು, ಆಮೇಲೆ ಪಕ್ಕದ್ದಕ್ಕೆ ದಾಟಿಸಬೇಕು. ಪ್ರತಿ ಪದರವೂ ತನ್ನ ಪಾಲು ಇಟ್ಟುಕೊಳ್ಳುತ್ತದೆ. ಒಳಮೈ ಎಂದರೆ ಕೊನೆ ಭಾಗ. ಕಾಲುವೆಗಿಲ್ಲದ ಒಂದು ಗುಣವೂ ಗೋಡೆಗಿದೆ: ಹೊತ್ತು ಮುಳುಗಿ ಹೊರಗಡೆ ತಂಪಾದಾಗ ಹೊರ ಪದರಗಳು ಶಾಖವನ್ನು ಹಿಂದಕ್ಕೂ ಬಿಟ್ಟುಕೊಡುತ್ತವೆ. ರೈತರಿಗೆ ಶಾಪವಾದ ಆ ತಡ ಮತ್ತು ಕೊರತೆ, ಗೋಡೆಯ ಹಿಂದೆ ಮಲಗಿದವರಿಗೆ ವರವಾಗುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಕಲ್ಲು-ಮಣ್ಣಿನ ಒಂದೂವರೆ ಅಡಿ ಗೋಡೆಯನ್ನು ದಾಟಲು ಹಗಲಿನ ಶಾಖಕ್ಕೆ ಸುಮಾರು ಹನ್ನೆರಡು ಗಂಟೆ ಬೇಕು, ಒಳಗೆ ಮುಟ್ಟುವಾಗ ಅದರ ಏರಿಳಿತ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳು ನಿಂತದ್ದು ಈ ಲೆಕ್ಕದ ಮೇಲೆ: ದಪ್ಪ ಗೋಡೆ, ತೊಲೆ-ಜಂತೆಗಳ ಮೇಲೆ ಗೇಣುಗಟ್ಟಲೆ ಮಣ್ಣು, ನಡುವೆ ಬೆಳಕಿಂಡಿ. ಆದರೆ 30×40ರಲ್ಲಿ ಒಂದೂವರೆ ಅಡಿಯ ಗೋಡೆಗೆ ಜಾಗ ಯಾರು ಕೊಡುತ್ತಾರೆ? ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ತಡ ಆರೇಳು ಗಂಟೆ, ಆರು ಇಂಚಿನ ಸಿಮೆಂಟ್ ಬ್ಲಾಕಿನಲ್ಲಿ ಸುಮಾರು ನಾಲ್ಕು. ಪಡುವಣ ಗೋಡೆ ಹೊರಗೆ ಸಂಜೆ ನಾಲ್ಕೈದಕ್ಕೆ ಕಾಯುತ್ತದೆ. ಕೂಡಿಸಿ ನೋಡಿ: ಒಳಗೆ ಅದರ ಉಚ್ಛ್ರಾಯ ರಾತ್ರಿ ಎಂಟರಿಂದ ಹನ್ನೆರಡರ ನಡುವೆ, ಅಂದರೆ ಮಕ್ಕಳನ್ನು ಮಲಗಿಸುವ ಹೊತ್ತಿಗೆ. ಮೂಡಣ ಗೋಡೆ ಬೆಳಿಗ್ಗೆ ಒಂಬತ್ತಕ್ಕೆ ಕಾದರೆ ಒಳಗೆ ಬಿಸಿಯಾಗುವುದು ಮಧ್ಯಾಹ್ನ ಮೂರರ ಸುಮಾರಿಗೆ, ಕೋಣೆ ಖಾಲಿಯಿರುವಾಗ. ಮಲಗುವ ಹೊತ್ತಿಗೆ ಅದು ಆರಿರುತ್ತದೆ.

ಹಾಗಾಗಿ ನಕ್ಷೆಯಲ್ಲಿ ಪ್ರತಿ ಕೋಣೆಯ ಮೇಲೆ ಅದನ್ನು ಬಳಸುವ ಹೊತ್ತನ್ನು ಬರೆಯಿರಿ ಎಂದು ಆ ಓದುಗರಿಗೆ ಹೇಳಿದ್ದೇನೆ. ರಾತ್ರಿ ಬಳಸುವ ಕೋಣೆ ಮೂಡಣಕ್ಕೆ ಅಥವಾ ಈಶಾನ್ಯಕ್ಕೆ ಹೋಗಲಿ. ಮೆಟ್ಟಿಲು, ಬಚ್ಚಲು, ಚೀಲಗಟ್ಟಲೆ ಅಕ್ಕಿ-ಜೋಳ ಇಡುವ ಕೋಣೆ ಪಡುವಣಕ್ಕೆ ಬರಲಿ. ಯಾರೂ ಹೆಚ್ಚು ಹೊತ್ತು ಕೂರದ ಕೋಣೆಗಳು ಬಿಸಿಲನ್ನು ತಾವು ನುಂಗಿಕೊಳ್ಳುತ್ತವೆ. ಇಲ್ಲಿ ವಾಸ್ತುವಿನ ಮಾತು ಅಡ್ಡ ಬರುತ್ತದೆ. ಯಜಮಾನರ ಮಲಗುವ ಕೋಣೆ ನೈಋತ್ಯಕ್ಕಿರಬೇಕು ಎನ್ನುತ್ತಾರೆ. ಆಗ್ನೇಯದ ಅಡುಗೆಮನೆಗೆ ನನ್ನ ತಕರಾರಿಲ್ಲ. ಮಳೆಗಾಲದ ಗಾಳಿ ನೈಋತ್ಯ, ಪಡುವಣದಿಂದ ಬೀಸುವ ನಮ್ಮಲ್ಲಿ ಹೊಗೆ, ಒಗ್ಗರಣೆ ಘಾಟು ಮನೆಯೊಳಕ್ಕೆ ನುಗ್ಗದೆ ಹೊರಗೆ ಹೋಗುತ್ತದೆ. ಆದರೆ ತೆಳ್ಳನೆಯ ಬ್ಲಾಕ್ ಗೋಡೆಯ ಮನೆಯಲ್ಲಿ ನೈಋತ್ಯದ ಕೋಣೆ ರಾತ್ರಿಯಲ್ಲಿ ಅತಿ ಹೆಚ್ಚು ಬಿಸಿಯಾದ ಕೋಣೆ. ಮನೆಯ ಹಿರಿಯರನ್ನು ಅಲ್ಲಿ ಮಲಗಿಸುವುದು ಸರಿಯಲ್ಲ. ಹಾಗೆಯೇ ಕಟ್ಟಬೇಕೆಂದಿದ್ದರೆ ಗೋಡೆಯ ಹೊರಗೆ ತಡೆ ಬೇಕು. ಕಿಟಕಿಯ ಒಳಗಿನ ಪರದೆಯಿಂದ ಪ್ರಯೋಜನ ಕಡಿಮೆ, ಗಾಜು ದಾಟಿದ ಶಾಖ ಆಗಲೇ ಕೋಣೆಯೊಳಗಿರುತ್ತದೆ. ಇಳಿಬಿಸಿಲಿಗೆ ಅಡ್ಡ ಚಾಚಿದ ಸಜ್ಜಾಕ್ಕಿಂತ ನೆಟ್ಟಗೆ ನಿಂತ ಜಾಲಿ ಗೋಡೆ ಮೇಲು.

ಛತ್ತಿನ ಮಾತು ಬೇಗ ಮುಗಿಯುತ್ತದೆ. 24×24 ಅಡಿಯ ಆರ್‌ಸಿಸಿ ಛತ್ತಿನ ಮೇಲೆ ಮೇ ನಡುಹಗಲಲ್ಲಿ ಬೀಳುವ ಬಿಸಿಲು ಹತ್ತಿರಹತ್ತಿರ 50 ಕಿಲೋವ್ಯಾಟ್. ಐದು ಇಂಚಿನ ಸ್ಲ್ಯಾಬು ಅದನ್ನು ಮೂರು ನಾಲ್ಕು ಗಂಟೆಗಿಂತ ಹೆಚ್ಚು ತಡೆಯಲಾರದು. ಪ್ರತಿ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿದರೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ವಾಪಸಾಗುತ್ತದೆ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಇನ್ನು ಆಕಾರ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಉತ್ಖನನ ಮಾಡಿದ ಎಂ.ಎಸ್. ನಾಗರಾಜರಾವ್ ಅವರಿಗೆ ನವಶಿಲಾಯುಗದ ದುಂಡು ಗುಡಿಸಲುಗಳ ಕುರುಹು ಸಿಕ್ಕವು. ಕಡಿಮೆ ಗೋಡೆಯಲ್ಲಿ ಹೆಚ್ಚು ಜಾಗ ಸುತ್ತುವರಿಯಲು ವೃತ್ತಕ್ಕೆ ಸಮ ಬೇರೆ ಆಕಾರವಿಲ್ಲ. 576 ಚದರಡಿಗೆ ದುಂಡು ಗೋಡೆ 85 ಅಡಿ ಸಾಕು. 24×24ರ ಚೌಕಕ್ಕೆ 96, 16×36ರ ಉದ್ದ ಮನೆಗೆ 104 ಬೇಕು. ದುಂಡು ಮನೆಯಲ್ಲಿ ಮಂಚ, ಕಪಾಟು ಕೂರುವುದಿಲ್ಲವಾದ್ದರಿಂದ ಚೌಕದ ಹತ್ತಿರವಿದ್ದರೆ ನಮಗೆ ಲಾಭ. ಓದುಗರು ಕಳಿಸಿದ ನಕ್ಷೆಯ ಆ ಓಣಿ ಇಪ್ಪತ್ತಡಿ ಉದ್ದವಿದೆ. ಬರೀ ನಡೆದಾಡಲು 60 ಚದರಡಿ! ಒಂದು ಬಚ್ಚಲು, ಒಂದು ಪಾಯಖಾನೆ ಎರಡೂ ಹಿಡಿಯುವಷ್ಟು ಜಾಗ. ಹಳೆಯ ಮನೆಗಳ ಪಡಸಾಲೆಯಲ್ಲಿ ಕೂರುವುದು, ಉಣ್ಣುವುದು, ದಾಟುವುದು ಎಲ್ಲ ಒಂದೇ ನೆಲದ ಮೇಲೆ ನಡೆಯುತ್ತಿತ್ತು, ಕೋಣೆಗಳ ಬಾಗಿಲು ಅದಕ್ಕೇ ತೆರೆಯುತ್ತಿದ್ದವು. ಓಣಿ ತೆಗೆದು ಹಾಲನ್ನು ನಡುವೆ ತಂದರೆ ಅದೇ ಸಿಗುತ್ತದೆ.

ಕೊನೆಗೆ ನೆಲ. ಸಿಂಧನೂರಿನ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಿದೆ. ಅದರ ಹಾಳೆಯಂಥ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮನೆಯೆಲ್ಲ ಒಟ್ಟಿಗೆ ಉಬ್ಬಿದರೆ ಅಷ್ಟು ಕೇಡಿಲ್ಲ, ಒಂದು ಮೂಲೆ ಮಾತ್ರ ಉಬ್ಬಿದರೆ ಗೋಡೆ ಓರೆಯಾಗಿ ಸೀಳುತ್ತದೆ. ಇದಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿತು. ಋತುಮಾನಕ್ಕೆ ಮಣ್ಣು ಕದಲದಷ್ಟು ಆಳದಲ್ಲಿ, ಸುಮಾರು ಮೂರೂವರೆ ಮೀಟರ್ ಕೆಳಗೆ, ಅವು ಊರುತ್ತವೆ. ನಕ್ಷೆ ಬರೆಯುವವರ ಕೈಯಲ್ಲೂ ಒಂದು ಉಪಾಯವಿದೆ: ಬಚ್ಚಲು, ಪಾಯಖಾನೆ, ಅಡುಗೆಮನೆಯ ತೊಳೆಯುವ ಕಟ್ಟೆ ಇವನ್ನು ಮನೆಯ ನಾಲ್ಕು ಮೂಲೆಗೆ ಚದುರಿಸದೆ ಹತ್ತಿರ ಹತ್ತಿರ ಇಟ್ಟು ಪೈಪುಗಳನ್ನು ಮೋಟು ಮಾಡುವುದು, ಸೋರಿದರೆ ಕಣ್ಣಿಗೆ ಬೀಳುವಂತೆ ಗೋಡೆಯ ಹೊರಗೆ ಓಡಿಸುವುದು, ಸುತ್ತ ಮೂರಡಿ ಕಲ್ಲುಹಾಸು ಹಾಕಿ ಮಳೆನೀರನ್ನು ಪಾಯದಿಂದ ದೂರ ಕಳಿಸುವುದು.

ಪಡುವಣದ ನೆರಳಿಗೆ ಬೇವಿನ ಗಿಡ ನೆಡಬಹುದೇ ಎಂದೂ ಅವರು ಕೇಳಿದ್ದಾರೆ. ಎರೆಯಲ್ಲಿ ಮರದ ಬೇರು ಒಂದು ಕಡೆಯ ತೇವ ಹೀರಿ ಆ ಬದಿಯ ನೆಲವನ್ನು ಕುಗ್ಗಿಸುತ್ತದೆ, ಮತ್ತೆ ಅದೇ ಸೀಳು. ಮಸ್ಕಿಯ ಗುಡ್ಡದ ಬುಡದಲ್ಲೋ ಲಿಂಗಸುಗೂರಿನ ಗರಸು ನೆಲದಲ್ಲೋ ಮನೆ ಕಟ್ಟುವವರು ಧೈರ್ಯವಾಗಿ ಬೇವು ಹಾಕಲಿ. ಸಿಂಧನೂರಿನ 30×40ರಲ್ಲಿ ಮರಕ್ಕೆ ಬೇಕಾದ ದೂರ ಸಿಗುವುದಿಲ್ಲ. ಪಡುವಣ ಗೋಡೆಯಿಂದ ಎರಡಡಿ ಬಿಟ್ಟು ತಂತಿ ಕಟ್ಟಿ, ದೊಡ್ಡ ಕುಂಡದಲ್ಲಿ ಮಲ್ಲಿಗೆ ಬಳ್ಳಿಯನ್ನೋ ಹೀರೆ ಬಳ್ಳಿಯನ್ನೋ ಹಬ್ಬಿಸಬಹುದು; ಜನವರಿಯಲ್ಲಿ ಶುರು ಮಾಡಿದರೆ ಏಪ್ರಿಲ್ ಹೊತ್ತಿಗೆ ಎಲೆ ಮುಚ್ಚಿರುತ್ತದೆ.